ನಾಗೇಶಿಯ ಜವಾಬು ಎಲ್ಲಿ ಹೋಯಿತು?



ನಮ್ಮ ಭಾಗದ ಜನಪ್ರಿಯ ಹಾಡುಗಳ ಬಗ್ಗೆ ಮಾತಾಡಬೇಕು ಎಂದಾಗ ಹಿರಿಯರು ನನ್ನಿಂದ ಒಂದು ಮಾತನ್ನು ಬಯಸುತ್ತಾರೆ ಎಂದು ಗೊತ್ತು: ಈಗಿನ ಹುಡುಗರ ಕಿವಿ ಕೆಟ್ಟು ಹೋಗಿದೆ ಎಂಬ ಮಾತು. ಅದನ್ನು ನಾನು ಒಪ್ಪುವುದಿಲ್ಲ. ಕಿವಿ ಕೆಟ್ಟಿಲ್ಲ. ಹಾಡಿನೊಳಗಿಂದ ಒಂದು ದನಿ ಹೋಗಿಬಿಟ್ಟಿದೆ. ನನ್ನ ತಕರಾರು ಅಷ್ಟರ ಬಗ್ಗೆಯೇ.

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡೇ ಫ್ಯಾಕ್ಟರಿ ಕಡೆ ಹೋಗುತ್ತವೆ. ಆ ಹಾಡುಗಳಲ್ಲಿ ಬಹಳಷ್ಟು ಬೆಂಗಳೂರಿನಲ್ಲಿ ಹುಟ್ಟಿದವಲ್ಲ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಹುಡುಗರು ತಾವೇ ಬರೆದು, ಹತ್ತಿರದ ಸಣ್ಣ ಸ್ಟುಡಿಯೊದಲ್ಲಿ ಹಾಡಿ, ಯೂಟ್ಯೂಬಿಗೆ ಬಿಟ್ಟವು. ರಾಯಬಾಗ ಕಡೆಯ ಮಾಳು ನಿಪನಾಳ ಅವರ ಡ್ರೈವರ್ ಹುಡುಗನ ಪ್ರೀತಿಯ ಹಾಡು ಮೊಬೈಲಿನಿಂದ ಮೊಬೈಲಿಗೆ ಹಾರಿ ನಾಡನ್ನೆಲ್ಲ ಸುತ್ತಿತು. ಹಾಡುಗಾರನ ಹೆಸರಿನ ಜೊತೆ ಊರಿನ ಹೆಸರೂ ಊರೂರು ತಿರುಗಿತು. ನನಗೆ ಇದು ಹೆಮ್ಮೆಯ ವಿಷಯ. ಸಿನೆಮಾದಲ್ಲಿ ನಮ್ಮ ಮಾತು ಬಹುಕಾಲ ನಗಿಸುವ ಪಾತ್ರಕ್ಕೆ ಮೀಸಲಾಗಿತ್ತು. ಪ್ರೀತಿ ಮಾಡುವ ನಾಯಕ ಮೈಸೂರು ಕಡೆಯ ಮಾತಾಡಬೇಕು, ಪೆಟ್ಟು ತಿನ್ನುವ ಗೌಡ ನಮ್ಮ ಮಾತಾಡಬೇಕು. ಈ ಟ್ರ್ಯಾಕ್ಟರ್ ಹಾಡುಗಳಲ್ಲಿ ಪ್ರೀತಿಸುವವನೂ ನಮ್ಮ ಮಾತಿನಲ್ಲೇ ಪ್ರೀತಿಸುತ್ತಾನೆ, ಅಳುವವನೂ ನಮ್ಮ ಮಾತಿನಲ್ಲೇ ಅಳುತ್ತಾನೆ.

ಇವು ಹಗುರ ಹಾಡು ಎನ್ನುವವರು ನಮ್ಮ ಲಾವಣಿಯ ಚರಿತ್ರೆಯನ್ನು ಸ್ವಲ್ಪ ನೆನೆಯಬೇಕು. ಹುಲಕುಂದ ನಮ್ಮ ರಾಮದುರ್ಗ ತಾಲ್ಲೂಕಿನದೇ ಊರು. ಅಲ್ಲಿಯ ಭೀಮಕವಿ ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಗೀಗೀ ಪದ ಕಟ್ಟಿ ಹಾಡಿದವರು. ಪೇಪರು ಓದಲು ಬಾರದ ಒಕ್ಕಲು ಮಂದಿಗೆ ಚಳವಳಿಯ ಸುದ್ದಿ ಮುಟ್ಟಿದ್ದು ಇಂಥ ಪದಗಳಿಂದ. ಬೈಲಹೊಂಗಲದಲ್ಲಿ ನಡೆಯಿತೆನ್ನುವ ಒಂದು ಕೊಲೆಯ ಕಥೆಯೇ ‘ಸಂಗ್ಯಾ ಬಾಳ್ಯಾ’ ಸಣ್ಣಾಟವಾಯಿತು. ನಿನ್ನೆ ಮೊನ್ನೆ ನಡೆದದ್ದನ್ನು ಹಾಡಾಗಿಸಿ ಇವತ್ತಿನ ಮಂದಿಗೆ ಕೇಳಿಸುವುದು ನಮ್ಮ ನೆಲದ ಹಳೆಯ ರೂಢಿ. ಹುಡುಗರು ಮಾಡುತ್ತಿರುವುದೂ ಅದನ್ನೇ.

ಹಾಗಾದರೆ ತಕರಾರು ಏನು? ಹರದೇಶಿ–ನಾಗೇಶಿ ಮೇಳವನ್ನು ಇಲ್ಲಿರುವ ಹಿರಿಯರು ರಾತ್ರಿಯಿಡೀ ಕೂತು ಕೇಳಿದ್ದೀರಿ. ಹುಡುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮುಂದೆ ನಿಂತ ಹಾಡುಗಾರನ ಕೈಯಲ್ಲಿ ದಪ್ಪು. ಹಿಂದೆ ಇಬ್ಬರು, ಒಬ್ಬನ ಕೈಯಲ್ಲಿ ತಾಳ, ಇನ್ನೊಬ್ಬನ ಕೈಯಲ್ಲಿ ತುಂತುಣಿ. ತುಂತುಣಿ ಎಂದರೆ ಒಂದು ಕಡೆ ಚರ್ಮ ಬಿಗಿದ ಸಣ್ಣ ಕೊಳಗ, ಅದರ ನಡುವಿನಿಂದ ಮೇಲಕ್ಕೆ ಎಳೆದ ಒಂದೇ ತಂತಿ. ಮುಂದಿನವನು ಸಾಲನ್ನು ಮುಗಿಸುವ ಮೊದಲೇ ಹಿಂದಿನವರು ಅವನ ಕೊನೆಯ ಅಕ್ಷರವನ್ನು ಹಿಡಿದು ‘ಗೀಯ ಗೀಯ’ ಎಂದು ಎಳೆಯುತ್ತಾರೆ. ಆ ಎಳೆತದ ಹೊತ್ತಿನಲ್ಲಿ ಹಾಡುಗಾರ ಮುಂದಿನ ಸಾಲನ್ನು ಹೊಂದಿಸಿಕೊಳ್ಳುತ್ತಾನೆ, ಕೇಳುವವನು ಹಿಂದಿನ ಸಾಲನ್ನು ತಿಳಿದುಕೊಳ್ಳುತ್ತಾನೆ. ಇಬ್ಬರಿಗೂ ಉಸಿರು ಸಿಗುತ್ತದೆ.

ಎದುರಿಗೆ ಇನ್ನೊಂದು ಮೇಳ ಇರುತ್ತದೆ. ಮುಖ್ಯವಾದದ್ದು ಅದು. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡಿದರೆ ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಹಾಡಬೇಕು. ಪುರಾಣದಿಂದ ಒಂದು ಸವಾಲು ಬಿದ್ದರೆ ಪುರಾಣದಿಂದಲೇ ಜವಾಬು. ಮನೆಯ ಸಂಸಾರದ ಸವಾಲಿಗೆ ಸಂಸಾರದ್ದೇ ಜವಾಬು. ನಾಗೇಶಿಯ ಪರವಾಗಿ ಹೆಣ್ಣುಮಕ್ಕಳೇ ದಪ್ಪು ಹಿಡಿದು ನಿಂತ ಮೇಳಗಳು ಈ ಸೀಮೆಯಲ್ಲಿ ಎಷ್ಟೋ. ಗಂಡಸರು ತುಂಬಿದ ಬಯಲಿನಲ್ಲಿ ಒಬ್ಬ ಹೆಣ್ಣುಮಗಳು ‘ನಿನ್ನನ್ನು ಹೆತ್ತವಳು ಯಾರು, ಮೊದಲು ಅದನ್ನು ಹೇಳು’ ಎಂಬ ಧಾಟಿಯಲ್ಲಿ ಕೇಳುತ್ತಿದ್ದಳು. ಅದೇ ಗಂಡಸರು ಸಿಳ್ಳೆ ಹಾಕಿ ಆಯೇರಿ ಮಾಡುತ್ತಿದ್ದರು. ಅದೂ ಜನಪ್ರಿಯ ಸಂಗೀತವೇ. ಅದಕ್ಕೂ ಮಂದಿ ಮುಗಿಬೀಳುತ್ತಿದ್ದರು.

ಪಾರಿಜಾತವನ್ನೂ ನೋಡಿ. ಕುಲಗೋಡ ತಮ್ಮಣ್ಣನವರ ಹೆಸರಿನಲ್ಲಿ ನಡೆದು ಬಂದ ‘ಶ್ರೀಕೃಷ್ಣ ಪಾರಿಜಾತ’ದ ಇಡೀ ಆಟ ನಿಂತಿರುವುದು ಸತ್ಯಭಾಮೆಯ ಸಿಟ್ಟಿನ ಮೇಲೆ. ದೇವರೇ ಬಂದು ರಮಿಸಿದರೂ ಆಕೆ ಸುಮ್ಮನೆ ಮಣಿಯುವುದಿಲ್ಲ. ಕೌಜಲಗಿ ನಿಂಗಮ್ಮ ಈ ಆಟದಿಂದಲೇ ನಾಡಿಗೆ ಹೆಸರಾದರು. ನಮ್ಮ ಕಾಲದಲ್ಲಿ ಕಿತ್ತೂರು ಸೀಮೆಯ ಬೈಲೂರಿನ ಬಸವಲಿಂಗಯ್ಯ ಹಿರೇಮಠರು ಪತ್ನಿ ವಿಶ್ವೇಶ್ವರಿ ಅವರ ಜೊತೆ ನಿಂತು ಪಾರಿಜಾತವನ್ನೂ ಜನಪದ ಹಾಡುಗಳನ್ನೂ ಹೊಸ ಮಂದಿಗೆ ಮುಟ್ಟಿಸಿದರು. 2022ರ ಜನವರಿಯಲ್ಲಿ ಬಸವಲಿಂಗಯ್ಯನವರು ತೀರಿಕೊಂಡರು. ಗಂಡು ದನಿ, ಹೆಣ್ಣು ದನಿ ಒಂದರ ಬೆನ್ನಿಗೆ ಒಂದು ಬರುವ ಆ ಹಾಡಿಕೆಯ ಜಾಗವನ್ನು ತುಂಬುವವರು ನನಗಿನ್ನೂ ಕಂಡಿಲ್ಲ.

ಈಗ ಟ್ರ್ಯಾಕ್ಟರ್ ಹಾಡಿಗೆ ಮರಳೋಣ. ನಾನು ಕೇಳಿದವುಗಳಲ್ಲಿ ಹೆಚ್ಚಿನವು ‘ಫೀಲಿಂಗ್ ಸಾಂಗು’. ಹುಡುಗ ಹೊಲ ಉಳುತ್ತಾನೆ ಅಥವಾ ಗಾಡಿ ಹೊಡೆಯುತ್ತಾನೆ. ಹುಡುಗಿ ನೌಕರಿಯವನನ್ನು ಮದುವೆಯಾಗಿ ಊರು ಬಿಡುತ್ತಾಳೆ. ಹುಡುಗ ಅವಳನ್ನು ಮೋಸಗಾತಿ ಎನ್ನುತ್ತಾನೆ. ಹಾಡು ಮುಗಿಯಿತು. ಈ ದುಃಖ ಸುಳ್ಳಲ್ಲ. ಒಕ್ಕಲುತನ ಮಾಡುವ ಹುಡುಗನಿಗೆ ಹೆಣ್ಣು ಕೊಡುವವರಿಲ್ಲ ಎಂಬುದು ಇಲ್ಲಿ ಪ್ರತಿ ಓಣಿಯ ಸಂಕಟ. ನಾಲ್ಕೆಕರೆ ಹೊಲವಿದ್ದವನ ತಾಯಿಯೂ ಮದುವೆ ಬ್ರೋಕರನ ದಾರಿ ಕಾಯುತ್ತಾಳೆ. ಈ ಹಾಡುಗಳು ಆ ಸಂಕಟವನ್ನು ಬಾಯಿಬಿಟ್ಟು ಹೇಳಿದವು. ಆ ಹುಡುಗರಿಗೆ ನಾನು ಕೈಮುಗಿಯುತ್ತೇನೆ.

ಆದರೆ ಆ ಹುಡುಗಿ ಯಾಕೆ ಹೋದಳು? ಅವಳ ಅವ್ವ ಮಳೆ ಬಾರದ ವರ್ಷಗಳಲ್ಲಿ ಪಟ್ಟ ಪಾಡನ್ನು ಅವಳು ಕಣ್ಣಾರೆ ನೋಡಿದ್ದಾಳೆ. ಅವಳನ್ನು ಕೇಳಿಯೇ ಮದುವೆ ಗೊತ್ತು ಮಾಡಿದರೋ ಇಲ್ಲವೋ, ಅದೂ ಆ ಹಾಡಿನಲ್ಲಿ ಬರುವುದಿಲ್ಲ. ವಿಡಿಯೊದಲ್ಲಿ ಅವಳು ಸೀರೆ ಉಟ್ಟು ನಡೆಯುತ್ತಾಳೆ, ಹೊರಳಿ ನೋಡುತ್ತಾಳೆ, ಬಾಯಿ ಮಾತ್ರ ತೆರೆಯುವುದಿಲ್ಲ. ಹರದೇಶಿ ಒಬ್ಬನೇ ಹಾಡಿ ಎದ್ದು ಹೋದ ಮೇಳ ಇದು. ಹಳೆಯ ಬಯಲಿನಲ್ಲಾಗಿದ್ದರೆ ಮಂದಿ ಅವನನ್ನು ಎದ್ದು ಹೋಗಲು ಬಿಡುತ್ತಿರಲಿಲ್ಲ.

ಕೇಳುವವರಿಗೆ ಹುಡುಗಿಯ ಜವಾಬು ಬೇಡವಾಗಿದೆ ಎನ್ನಬೇಡಿ. 2018ರಲ್ಲಿ ಬಂದ ‘ರ‍್ಯಾಂಬೊ 2’ ಚಿತ್ರದ ಒಂದು ಹಾಡಿಗೆ ಕರ್ನಾಟಕವೆಲ್ಲ ಕುಣಿಯಿತು. ಬರೆದದ್ದು ಶಿವು ಭೇರಗಿ, ಹಾಡಿದ್ದು ರವೀಂದ್ರ ಸೊರಗಾವಿ ಮತ್ತು ಶಮಿತಾ ಮಲ್ನಾಡ್. ಅದು ನಮ್ಮದೇ ಮಾತಿನ ಹಾಡು, ಹುಡುಗ ಹುಡುಗಿ ಎದುರುಬದುರು ನಿಂತು ಹಾಡುವ ಹಾಡು. ಅದರ ತಾಳವನ್ನು ಎಲ್ಲರೂ ಹೊಗಳಿದರು. ನನಗನ್ನಿಸುವುದು, ಅದು ಗೆದ್ದದ್ದು ಹುಡುಗಿಗೂ ಸರಿಪಾಲು ಸಿಕ್ಕಿದ್ದರಿಂದ. ಸವಾಲ್-ಜವಾಬಿನ ರುಚಿ ಮಂದಿಯ ನಾಲಗೆಯ ಮೇಲೆ ಇನ್ನೂ ಇದೆ. ಬಡಿಸುವವರು ಕಡಿಮೆಯಾಗಿದ್ದಾರೆ.

ದೊಡ್ಡ ಸಂಗೀತ, ಸಣ್ಣ ಸಂಗೀತ ಎಂಬ ಗೆರೆಯ ಬಗ್ಗೆಯೂ ಒಂದು ಮಾತು. ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿ ಹಾಡಿ ಚಪ್ಪಾಳೆ ಗಿಟ್ಟಿಸಿದವರು. ಸೂಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಮೊದಲು ಬೆರಗು ಹುಟ್ಟಿಸಿದ್ದು ಗ್ರಾಮಫೋನ್ ತಟ್ಟೆಗಳನ್ನು ಕೇಳಿ ಹಾಗೆಯೇ ಹಾಡಿ. ಸವದತ್ತಿ ಸೀಮೆಯ ಏಣಗಿಯ ಬಾಳಪ್ಪನವರು ನೂರು ದಾಟಿ ಬದುಕಿ 2017ರಲ್ಲಿ ಹೋದರು. ‘ಜಗಜ್ಯೋತಿ ಬಸವೇಶ್ವರ’ ನಾಟಕದಲ್ಲಿ ಅವರ ಬಾಯಿಂದ ವಚನ ಕೇಳಿದವರು ಟಿಕೆಟು ತೆಗೆದುಕೊಂಡು ಬಂದ ಸಾಮಾನ್ಯ ಮಂದಿ. ಇವರ‍್ಯಾರೂ ಮಂದಿಯ ರುಚಿಯನ್ನು ಕೀಳೆಂದು ದೂರವಿಟ್ಟು ದೊಡ್ಡವರಾದವರಲ್ಲ. ಕುರಿ ಕಾಯುತ್ತಿದ್ದ ಹಾವೇರಿ ಜಿಲ್ಲೆಯ ಹನುಮಂತ ‘ಸರಿಗಮಪ’ ವೇದಿಕೆಯಲ್ಲಿ ಹಾಡಿದಾಗ ಮನೆಮನೆಯವರು ಟಿವಿ ಮುಂದೆ ಕೂತರಲ್ಲ, ಆ ದನಿಯಲ್ಲಿ ನಯಗಾರಿಕೆ ಇರಲಿಲ್ಲ, ಬಯಲಿನ ಗಾಳಿ ಇತ್ತು. ಅದನ್ನು ಗುರುತಿಸಿದ ಕಿವಿಯನ್ನು ಕೆಟ್ಟದ್ದೆಂದು ಹೇಗೆ ಹೇಳಲಿ?

ಡಿಜೆಯ ವಿಷಯಕ್ಕೆ ಮಾತ್ರ ನಾನು ಕಠೋರ. ಎದೆ ನಡುಗುವಷ್ಟು ದೊಡ್ಡ ಸಪ್ಪಳದಲ್ಲಿ ಮಾತು ಸಾಯುತ್ತದೆ. ಮಾತು ಸತ್ತ ಮೇಲೆ ಅದು ನಮ್ಮ ಭಾಷೆಯ ಹಾಡಾದರೇನು, ಬೇರೆಯದಾದರೇನು? ಹಾಲುಗಲ್ಲದ ಕೂಸುಗಳನ್ನೂ ವಯಸ್ಸಾದವರನ್ನೂ ನೆನೆದಾದರೂ ಮದುವೆ ಮೆರವಣಿಗೆಯಲ್ಲಿ ಡಿಜೆ ಸಪ್ಪಳವನ್ನು ಇಳಿಸಬೇಕು. ಕರಡಿ ಮಜಲಿನವರಿಗೆ ವೀಳ್ಯ ಕೊಟ್ಟು ಕರೆಯಬೇಕು.

ಜಾತ್ರೆ ಕಮಿಟಿಯ ಹಿರಿಯರು ಇಲ್ಲೇ ಇದ್ದೀರಿ, ನನ್ನ ಬೇಡಿಕೆ ನಿಮ್ಮ ಮುಂದಿಡುತ್ತೇನೆ. ಬರುವ ಜಾತ್ರೆಯಲ್ಲಿ ರಸಮಂಜರಿ ಇರಲಿ, ಬೇಡ ಎನ್ನುವುದಿಲ್ಲ. ಅದಕ್ಕಿಂತ ಮುಂಚೆ ಎರಡು ತಾಸು ಹರದೇಶಿ–ನಾಗೇಶಿ ಇಡಿಸಿ. ಹರದೇಶಿಯ ಕಡೆ ಯೂಟ್ಯೂಬಿನಲ್ಲಿ ಹಾಡುವ ನಮ್ಮ ಹುಡುಗರೇ ನಿಲ್ಲಲಿ. ನಾಗೇಶಿಯ ಕಡೆ ರಾಮದುರ್ಗದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಹುಡುಗಿಯರು. ಸವಾಲು ಒಂದೇ: ಒಕ್ಕಲಿಗನ ಮಗನನ್ನು ನೀವು ಯಾಕೆ ಮದುವೆಯಾಗುವುದಿಲ್ಲ? ಹುಡುಗರ ಪದ ಆಗಲೇ ತಯಾರಿದೆ. ಹುಡುಗಿಯರು ಜವಾಬು ಕಟ್ಟಿಕೊಳ್ಳಲಿ, ಅವರ ತಂದೆತಾಯಿ ತಡೆಯಬಾರದು. ದಪ್ಪು ತುಂತುಣಿ ಕಲಿಸುವ ಹಿರಿಯರು ಸುತ್ತಲಿನ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ, ಅವರನ್ನು ಕರೆತರುವ ಹೊಣೆ ನನ್ನದು. ಪಟ್ಟಿ ಎತ್ತುವಾಗ ನನ್ನ ಹೆಸರನ್ನೇ ಮೊದಲು ಬರೆದುಕೊಳ್ಳಿ.