ಲಸಿಕೆಯ ಗಂಟು ಮತ್ತು ದನಗಳ ರೋಗನಿರೋಧಕ ಶಕ್ತಿ



ದಸರೆಯಲ್ಲಿ ದೇವರಗುಡ್ಡದ ಮಾಲತೇಶನ ಕಾರ್ಣಿಕಕ್ಕೆ ಊರೂರುಗಳಿಂದ ಜನ ಸೇರುತ್ತಾರೆ. ಚಕ್ಕಡಿ ಹೂಡಿಕೊಂಡು ಬಂದರೆ ಎತ್ತುಗಳೂ ಒಂದೆಡೆ ಕೂಡುತ್ತವೆ. ಕಾಲುಬಾಯಿ ಬೇನೆ ಹರಡಲು ಇಷ್ಟು ಸಾಕು. 2013ರಲ್ಲಿ ಈ ಬೇನೆ ಕರ್ನಾಟಕದಲ್ಲಿ ಸಾವಿರಾರು ದನಗಳನ್ನು ಬಲಿ ತೆಗೆದುಕೊಂಡಿತು. ಇದಕ್ಕೆ ಲಸಿಕೆ ಇದೆ. ಆದರೆ ಚುಚ್ಚಿದಲ್ಲಿ ಗಂಟಾಗುತ್ತದೆ, ಒಂದೆರಡು ದಿನ ಹಾಲು ತಗ್ಗುತ್ತದೆ ಎಂದು ಹೆದರಿ ಕೆಲವರು ಲಸಿಕೆ ಹಾಕಿಸುವುದಿಲ್ಲ. ಗಂಟಿನ ಕಾರಣ ತಿಳಿದರೆ ಈ ಹೆದರಿಕೆ ಹೋದೀತು.

ಈ ಲಸಿಕೆಯಲ್ಲಿರುವುದು ನಿರ್ಜೀವಗೊಳಿಸಿದ ವೈರಾಣು. ಅದು ರೋಗ ತರಲಾರದು; ಅದೊಂದನ್ನೇ ಕೊಟ್ಟರೆ ದೇಹವನ್ನು ಚೆನ್ನಾಗಿ ಎಚ್ಚರಿಸಲೂ ಆರದು. ಆದ್ದರಿಂದ ಅದರೊಡನೆ ಅಡ್ಜುವೆಂಟ್ ಎಂಬ ಸಹಾಯಕ ವಸ್ತುವನ್ನು ಬೆರೆಸುತ್ತಾರೆ. 1925ರ ಸುಮಾರಿಗೆ ಫ್ರಾನ್ಸಿನ ಪಶುವೈದ್ಯ ಗಾಸ್ಟನ್ ರಾಮೋನ್ ಅವರು, ಚುಚ್ಚಿದ ಜಾಗದಲ್ಲಿ ಬಾವು ಬಂದ ಕುದುರೆಗಳ ರಕ್ತದಲ್ಲಿ ಪ್ರತಿವಿಷ ಹೆಚ್ಚಾಗಿರುವುದನ್ನು ಕಂಡರು. ಮರಗೆಣಸಿನ ಹಿಟ್ಟನ್ನು ಬೆರೆಸಿ ಚುಚ್ಚಿದಾಗಲೂ ಅದೇ ಫಲ ಬಂತು. ಇಂದು ಎಣ್ಣೆ ಅಥವಾ ಅಲ್ಯೂಮಿನಿಯಂ ಲವಣಗಳನ್ನು ಬಳಸುತ್ತಾರೆ.

ಎಣ್ಣೆ ಎರಡು ಕೆಲಸ ಮಾಡುತ್ತದೆ. ಎರೆಭೂಮಿಯು ಮಳೆನೀರನ್ನು ಹಿಡಿದಿಟ್ಟು ಹಿಂಗಾರಿ ಜೋಳಕ್ಕೆ ಉಣಿಸುವಂತೆ, ಅದು ಲಸಿಕೆಯನ್ನು ಹಿಡಿದಿಟ್ಟು ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಜೊತೆಗೆ ಆ ಜಾಗವನ್ನು ಕೆರಳಿಸಿ ರೋಗ ಕಾಯುವ ಜೀವಕಣಗಳನ್ನು ಅಲ್ಲಿಗೆ ಸೆಳೆಯುತ್ತದೆ. ಅವು ವೈರಾಣುವಿನ ಅಂಶವನ್ನು ಹತ್ತಿರದ ದುಗ್ಧಗ್ರಂಥಿಗೆ ಒಯ್ಯುತ್ತವೆ. ಅಲ್ಲಿ ಪ್ರತಿಕಾಯಗಳು ತಯಾರಾಗುತ್ತವೆ. ರೋಗವನ್ನು ನೆನಪಿಡುವ ಕಣಗಳೂ ಹುಟ್ಟುತ್ತವೆ. ಗಂಟು ಈ ಕೆಲಸದ ಗುರುತು. ಗಂಟಾಗದಿದ್ದರೆ ಲಸಿಕೆ ಫಲಿಸಿಲ್ಲವೆಂದು ತಿಳಿಯಬೇಕಾಗಿಲ್ಲ.

ರೈತರು ಗಮನಿಸಬೇಕಾದ ಅಂಶಗಳು:

1. ಕರುವಿಗೆ ನಾಲ್ಕು ತಿಂಗಳು ತುಂಬಿದ ಮೇಲೆ ಮೊದಲ ಲಸಿಕೆ, ಒಂದು ತಿಂಗಳ ನಂತರ ಎರಡನೆಯದು, ಆಮೇಲೆ ಆರು ತಿಂಗಳಿಗೊಮ್ಮೆ ಹಾಕಿಸಬೇಕು.

2. ನಿರೋಧಕ ಶಕ್ತಿ ಬರಲು ಎರಡು ಮೂರು ವಾರ ಬೇಕು. ಜಾತ್ರೆಯ ಮುನ್ನಾದಿನ ಹಾಕಿಸಿದರೆ ಪ್ರಯೋಜನವಿಲ್ಲ. ಒಂದು ತಿಂಗಳು ಮೊದಲೇ ಹಾಕಿಸಿರಿ.

3. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು. ಹೆಪ್ಪುಗಟ್ಟಿದ ಲಸಿಕೆ ಕೆಲಸಕ್ಕೆ ಬಾರದು.

4. ಗಂಟಿಗೆ ಬರೆ ಹಾಕಬೇಡಿರಿ, ಕೊಯ್ಯಬೇಡಿರಿ. ಸಾಮಾನ್ಯವಾಗಿ ಅದು ತಾನಾಗಿಯೇ ಕರಗುತ್ತದೆ. ಕೀವಾದರೆ ಪಶುವೈದ್ಯರಿಗೆ ತೋರಿಸಿರಿ.

2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಈ ಲಸಿಕೆಯನ್ನು ಉಚಿತವಾಗಿ ಹಾಕಲಾಗುತ್ತದೆ. ಕೆಲವು ದಿನಗಳ ಗಂಟಿಗೆ ಹೆದರಿ ಮನೆಯ ಎತ್ತನ್ನೇ ಕಳೆದುಕೊಳ್ಳುವುದು ಜಾಣತನವಲ್ಲ.