ಅಡಿಕೆ ಸುಗ್ಗಿಯ ನಷ್ಟ ತಡೆಯಲು ಕೆಲಸಗಾರರ ಸಹಕಾರ

(ರೈತರ ಸಭೆಗಾಗಿ ಸಿದ್ಧಪಡಿಸಿದ ಭಾಷಣದ ಬರಹರೂಪ)



ಮಳೆ ಹಿಂದೆ ಸರಿದು ನವರಾತ್ರಿ ಸಮೀಪಿಸುತ್ತಿದ್ದಂತೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಅಂಗಳಗಳಲ್ಲಿ ಅಡಿಕೆ ಕೆಲಸ ಆರಂಭವಾಗುತ್ತದೆ. ಕೊನೆ ಕೊಯ್ಲು, ಸುಲಿತ, ಬೇಯಿಸುವಿಕೆ, ಒಣಗಿಸುವಿಕೆ ಎಲ್ಲವೂ ಕೆಲವೇ ವಾರಗಳಲ್ಲಿ ಮುಗಿಯಬೇಕು. ಆ ಆತುರದಲ್ಲಿ ವರ್ಷದ ದುಡಿಮೆಯ ಒಂದಂಶ ಯಾರ ಕಣ್ಣಿಗೂ ಬೀಳದೆ ಹಾಳಾಗುತ್ತದೆ. ಎಷ್ಟು ಹಾಳಾಗುತ್ತದೆಂದು ತಿಳಿಯಬೇಕಾದವರು ರಾತ್ರಿ ಸುಲಿತ ಮುಗಿದ ಮೇಲೆ ಸಿಪ್ಪೆಯ ರಾಶಿಯಿಂದ ಒಂದು ಬುಟ್ಟಿ ತುಂಬಿ, ಬೆಳಕಿಗೆ ತಂದು, ಕೈಯಿಂದ ಜಾಲಾಡಿಸಿ ನೋಡಲಿ. ಸಿಪ್ಪೆಗೆ ಅಂಟಿಕೊಂಡ ಚೂರು, ಕತ್ತಿ ತಗಲಿ ಅರ್ಧವಾದ ಹೋಳು, ಸುಲಿಯದೆಯೇ ಉಳಿದ ಇಡೀ ಕಾಯಿ, ಎಲ್ಲವೂ ಅಲ್ಲಿ ಸಿಗುತ್ತವೆ.

ನಷ್ಟ ಎಲ್ಲೆಲ್ಲಿ?

ಮೊದಲನೆಯ ನಷ್ಟ ಮರದ ಬುಡದಲ್ಲಿ. ಕೊನೆಗಾರ ಕೊಯ್ದ ಕೊನೆಯನ್ನು ಹಗ್ಗದ ಮೇಲೆ ಇಳಿಬಿಡುವ ಬದಲು ಬೀಳಿಸಿದರೆ ಕಾಯಿ ಉದುರಿ ಕಾದಿಗೆಯ ನೀರಿಗೂ ಸೊಪ್ಪಿನ ಅಡಿಗೂ ಸೇರುತ್ತದೆ. ಎರಡನೆಯದು ಬೆಳವಣಿಗೆಯ ಆಯ್ಕೆಯಲ್ಲಿ. ತೀರ ಎಳೆಯ ಕೊನೆ ಕೊಯ್ದರೆ ತೂಕ ಬಾರದು, ಬಲಿತು ಹಣ್ಣಾದುದನ್ನು ಸೇರಿಸಿದರೆ ರಾಶಿಯ ಗುಣ ಕೆಡುತ್ತದೆ. ಮೂರನೆಯದು ಸುಲಿತದಲ್ಲಿ, ನಾಲ್ಕನೆಯದು ಹಂಡೆಯಲ್ಲಿ, ಐದನೆಯದು ಚಪ್ಪರದ ಮೇಲೆ ಮಂಜು, ಅಕಾಲದ ಮಳೆ, ಬೂಷ್ಟಿನ ರೂಪದಲ್ಲಿ.

ನೂರು ಕಿಲೋ ಹಸಿ ಅಡಿಕೆಯಿಂದ ಸಾಮಾನ್ಯವಾಗಿ 12ರಿಂದ 14 ಕಿಲೋ ಒಣ ಅಡಿಕೆ ಸಿಗುತ್ತದೆ. ಎಂದರೆ ಒಂದು ಕಿಲೋ ಒಣ ಅಡಿಕೆ ಹಾಳಾದರೆ ಏಳೆಂಟು ಕಿಲೋ ಹಸಿ ಕಾಯಿಯ ಗೊಬ್ಬರ, ನೀರು, ಕೊಳೆ ಔಷಧಿ, ಕೊಯ್ಲಿನ ಕೂಲಿ ಎಲ್ಲವೂ ಹಾಳಾದಂತೆ. ಹತ್ತು ಜನ ಸುಲಿಯುವ ಒಂದು ಮನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ತಲಾ ದಿನಕ್ಕೆ 100 ಗ್ರಾಂ ಒಣ ಅಡಿಕೆಯಷ್ಟು ಸಿಪ್ಪೆಯ ಪಾಲಾದರೂ 40 ದಿನಗಳ ಸುಗ್ಗಿಯಲ್ಲಿ ಅದು 40 ಕಿಲೋ ಆಗುತ್ತದೆ. ಸುಮಾರು ಮೂರು ಕ್ವಿಂಟಾಲ್ ಹಸಿ ಅಡಿಕೆ ತಿಪ್ಪೆಗೆ ಹೋಯಿತೆಂದೇ ಅರ್ಥ.

ಕೆಲಸಗಾರರು ಏಕೆ ಲಕ್ಷ್ಯ ಕೊಡುವುದಿಲ್ಲ?

‘ಈಗಿನವರಿಗೆ ಕೆಲಸದಲ್ಲಿ ಶ್ರದ್ಧೆಯಿಲ್ಲ’ ಎಂಬ ಮಾತು ಜಗಲಿಗಳ ಮೇಲೆ ಕೇಳಿಬರುತ್ತದೆ. ಆದರೆ ಕೂಲಿಯ ಲೆಕ್ಕವನ್ನು ನೋಡಿದರೆ ಬೇರೆ ಸಂಗತಿ ತಿಳಿಯುತ್ತದೆ. ಸುಲಿಯುವವರಿಗೆ ಡಬ್ಬದ ಅಥವಾ ಕಿಲೋ ಲೆಕ್ಕದಲ್ಲಿ ಕೂಲಿ, ಕೊನೆಗಾರನಿಗೆ ಬಹಳ ಕಡೆ ಕೊನೆಯ ಲೆಕ್ಕದಲ್ಲಿ ಕೂಲಿ. ಡಬ್ಬ ಬೇಗ ತುಂಬಿದಷ್ಟೂ ಸಂಪಾದನೆ. ಸಿಪ್ಪೆಯಲ್ಲಿ ಸಿಕ್ಕಿದ ಚೂರನ್ನು ಬಿಡಿಸುತ್ತ ಕುಳಿತ ಹೆಣ್ಣುಮಗಳಿಗೆ ಆ ರಾತ್ರಿ ಕೂಲಿ ಕಡಿಮೆಯೇ ಬೀಳುತ್ತದೆ. ಯಜಮಾನ ವೇಗಕ್ಕೆ ಹಣ ಕೊಟ್ಟು ಜೋಪಾನವನ್ನು ಬಿಟ್ಟಿಯಾಗಿ ಬಯಸಿದರೆ ಅದು ದೊರೆಯುವುದು ಕಷ್ಟ.

ಕೆಲವರು ತುಂಡಾದ ಅಡಿಕೆಗೆ ಕೂಲಿ ಮುರಿದುಕೊಳ್ಳುತ್ತಾರೆ. ಇದರಿಂದ ನಷ್ಟ ನಿಲ್ಲುವುದಿಲ್ಲ, ಅಡಗಿಕೊಳ್ಳುತ್ತದೆ. ತುಂಡಾದ ಹೋಳು ಬುಟ್ಟಿಗೆ ಬಾರದೆ ಸಿಪ್ಪೆಯ ಅಡಿ ಸೇರುತ್ತದೆ. ಚೂರಾದರೂ ಬುಟ್ಟಿಯಲ್ಲಿದ್ದರೆ ಅದಕ್ಕೂ ಒಂದು ಬೆಲೆಯುಂಟು, ಸಿಪ್ಪೆಯಲ್ಲಿದ್ದರೆ ಏನೂ ಇಲ್ಲ.

ಮೊದಲು ಅಳತೆ ನೇರವಾಗಲಿ

ಅಳತೆಯ ಬೆಲೆ ಈ ಸೀಮೆಗೆ ಹೊಸದಾಗಿ ಹೇಳಬೇಕಾದುದಲ್ಲ. ಇಕ್ಕೇರಿಯ ಅಘೋರೇಶ್ವರ ದೇವಾಲಯದ ನಡುವಣ ಕಂಬಗಳ ಅಂತರವೇ ತೋಟ ಅಳೆಯುವ ಗಳುವಿನ ಪ್ರಮಾಣವಾಗಿತ್ತೆಂದು ರೈಸ್ ಅವರ ಮೈಸೂರು ಗೆಜೆಟಿಯರ್ ದಾಖಲಿಸಿದೆ. ಅದರ ಉದ್ದ 18 ಅಡಿ 6 ಅಂಗುಲ. ಅಷ್ಟು ಉದ್ದಗಲದ ಚೌಕಕ್ಕೆ ‘ದಾಯ’ವೆಂದು ಹೆಸರು. 17ನೆಯ ಶತಮಾನದ ಶಿವಪ್ಪ ನಾಯಕನ ಕಾಲದಿಂದ ಹೆಸರಾದ ‘ಶಿಸ್ತು’ ಕಂದಾಯ ಈ ಅಳತೆಯ ಮೇಲೆ ನಿಂತಿತ್ತು. ಕಲ್ಲಿನಲ್ಲಿ ನಿಂತ ಅಳತೆಯನ್ನು ಕೊಡುವವನೂ ನೋಡಬಹುದು, ಪಡೆಯುವವನೂ ನೋಡಬಹುದು.

ಅಳತೆಯಲ್ಲಿ ನಂಬಿಕೆ ಹೋದರೆ ಏನಾಗುತ್ತದೆಂಬುದಕ್ಕೂ ಇದೇ ಸಾಗರ ತಾಲ್ಲೂಕು ಸಾಕ್ಷಿ. 1951ರ ಕಾಗೋಡು ಸತ್ಯಾಗ್ರಹದ ಮುಖ್ಯ ಕಾರಣಗಳಲ್ಲಿ ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರವೂ ಒಂದು. ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಗೇಣಿದಾರರು ಹೋರಾಡಿದರು. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. 1974ರ ಭೂಸುಧಾರಣೆಯ ನಂತರ ಗೇಣಿದಾರರಾಗಿದ್ದ ಎಷ್ಟೋ ಕುಟುಂಬಗಳು ಭೂಮಿಯ ಒಡೆಯರಾದವು. ಅಂದು ಕೊಳಗವನ್ನು ಪ್ರಶ್ನಿಸಿದವರ ಮಕ್ಕಳು, ಮೊಮ್ಮಕ್ಕಳಲ್ಲಿ ಕೆಲವರು ಇಂದು ಡಬ್ಬ ಹಿಡಿದು ಅಡಿಕೆ ಅಳೆಯುವ ಸ್ಥಾನದಲ್ಲಿದ್ದಾರೆ. ಆದ್ದರಿಂದ ಡಬ್ಬದ ಮೇಲೆ ಗೋಪುರ ಕಟ್ಟಿಸಿ ಅಳೆಯುವುದು, ತಳ ತಗ್ಗಾದ ಡಬ್ಬ ಬಳಸುವುದು ಅವರಿಗೆ ಒಪ್ಪುವ ನಡತೆಯಲ್ಲ. ತನಗೆ ಸಲ್ಲಬೇಕಾದ ಬೊಗಸೆ ಅಡಿಕೆಯ ಕೂಲಿ ತಪ್ಪಿತೆಂದು ತಿಳಿದವನು ಯಜಮಾನನ ಅಡಿಕೆಯನ್ನು ಜೋಪಾನ ಮಾಡಲಾರ.

ಅನುಸರಿಸಬೇಕಾದ ಕ್ರಮಗಳು

1. ಸುಲಿದ ಅಡಿಕೆಯನ್ನು ತಕ್ಕಡಿಯಲ್ಲಿ, ಕೆಲಸಗಾರರ ಎದುರಿಗೇ ತೂಗಬೇಕು. ಲೆಕ್ಕದ ಪುಸ್ತಕ ಅವರ ಕೈಗೂ ಸಿಗುವಂತಿರಬೇಕು. ಸುಗ್ಗಿಯ ಮೊದಲ ದಿನವೇ ಕೂಲಿಯ ದರವನ್ನು ಎಲ್ಲರಿಗೂ ತಿಳಿಸಬೇಕು. ಅದು ಸರ್ಕಾರ ಗೊತ್ತುಪಡಿಸಿದ ಕನಿಷ್ಠ ಕೂಲಿಗಿಂತ ಕಡಿಮೆಯಾಗಬಾರದು.

2. ಬಾಯಿಮಾತಿನ ಉಪದೇಶಕ್ಕಿಂತ ಮಾದರಿ ಮೇಲು. ಸರಿಯಾಗಿ ಸುಲಿದ ಒಂದು ಹಿಡಿ, ಕತ್ತಿ ತಗಲಿದ ಒಂದು ಹಿಡಿ, ಸಿಪ್ಪೆಯಲ್ಲಿ ಸಿಕ್ಕಿದ ಒಂದು ಹಿಡಿ, ಮೂರನ್ನೂ ತಟ್ಟೆಯಲ್ಲಿಟ್ಟು ತೋರಿಸಬೇಕು. ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲುಗಳಿಗೆ ಬೇರೆ ಬೇರೆ ಧಾರಣೆಯೆಂಬುದು ಸುಲಿಯುವವರಿಗೂ ತಿಳಿದಿರಲಿ. ತಾವು ಕಾಣದ ಧಾರಣೆಗಾಗಿ ಯಾರೂ ಶ್ರಮಪಡುವುದಿಲ್ಲ.

3. ದಿನಕ್ಕೊಂದು ಸಲ ಒಂದೇ ಅಳತೆಯ ಒಂದು ಬುಟ್ಟಿ ಸಿಪ್ಪೆಯನ್ನು ಎಲ್ಲರೆದುರು ಜಾಲಾಡಿಸಿ, ಸಿಕ್ಕಿದ ಅಡಿಕೆಯನ್ನು ತೂಗಿ ಗೋಡೆಯ ಮೇಲೆ ಬರೆಯಬೇಕು. ಇಂತಹವರ ಸಿಪ್ಪೆಯೆಂದು ಹೆಸರು ಹಿಡಿಯಬಾರದು. ಇಡೀ ಅಂಗಳದ ಲೆಕ್ಕವಾಗಿರಲಿ. ನಿನ್ನೆಗಿಂತ ಇಂದು ಕಡಿಮೆಯಾದುದನ್ನು ಕಂಡಾಗ ಕೆಲಸದವರಿಗೂ ಹುರುಪು ಬರುತ್ತದೆ.

4. ಉಳಿತಾಯದಲ್ಲಿ ಪಾಲು ಕೊಡಬೇಕು. ಮೊದಲ ವಾರದ ಲೆಕ್ಕಕ್ಕೂ ಮುಂದಿನ ವಾರಗಳ ಲೆಕ್ಕಕ್ಕೂ ಇರುವ ವ್ಯತ್ಯಾಸದಿಂದ ಎಷ್ಟು ಅಡಿಕೆ ಉಳಿಯಿತೆಂದು ಅಂದಾಜು ಮಾಡಿ, ಅದರ ಬೆಲೆಯ ಅರ್ಧವನ್ನು ಸುಗ್ಗಿ ಮುಗಿದ ದಿನ ಎಲ್ಲರಿಗೂ ಸಮನಾಗಿ ಹಂಚಬಹುದು. ಮೇಲೆ ಹೇಳಿದ 40 ಕಿಲೋಗಳಲ್ಲಿ 20 ಕಿಲೋ ಉಳಿದರೂ 10 ಕಿಲೋದ ಬೆಲೆ ಕೆಲಸಗಾರರಿಗೆ, 10 ಕಿಲೋದ ಬೆಲೆ ಯಜಮಾನನಿಗೆ. ಹಾಳಾಗಲಿದ್ದುದರಲ್ಲಿ ದೊರೆತ ಪಾಲಾದ್ದರಿಂದ ಇದು ಖರ್ಚಲ್ಲ. ಕೊಡುತ್ತೇನೆಂದು ಹೇಳಿ ಕೊಡದಿದ್ದರೆ ಮಾತ್ರ ಮರುವರ್ಷ ಅಂಗಳಕ್ಕೆ ಜನವೇ ಬರುವುದಿಲ್ಲ.

5. ಕೆಲಸದವರ ಮಾತಿಗೆ ಕಿವಿಗೊಡಬೇಕು. ಕಾಗೋಡಿನಲ್ಲಿ ಚಳವಳಿ ನಡೆದ 1951ರಲ್ಲಿಯೇ ಜಪಾನಿನ ಟೊಯೊಟಾ ಕಾರ್ಖಾನೆ ಕೆಲಸಗಾರರಿಂದ ಸಲಹೆ ಪಡೆಯುವ ಪದ್ಧತಿಯನ್ನು ಆರಂಭಿಸಿತು. ತಪ್ಪು ಕಂಡ ಕೆಲಸಗಾರನೇ ಹಗ್ಗ ಎಳೆದು ಕೆಲಸ ನಿಲ್ಲಿಸಬಹುದೆಂಬ ಪದ್ಧತಿಯೂ ಅಲ್ಲಿ ಬೆಳೆದು ಬಂದಿತು. ಮುಂದೆ ದೊಡ್ಡದಾಗುವ ನಷ್ಟ ಹುಟ್ಟಿದಲ್ಲಿಯೇ ನಿಲ್ಲುತ್ತದೆಂಬುದು ಇದರ ತತ್ವ. ಅಡಿಕೆ ಅಂಗಳಕ್ಕೂ ಇದು ಸಲ್ಲುತ್ತದೆ. ‘ಅಮ್ಮಾ, ಈ ರಾಶೀಲಿ ಹಣ್ಣಡಿಕೆ ಸೇರ್‍ಕೊಂಡದೆ’ ಎಂದು ಸುಲಿಯುವವಳು ಹೇಳಿದರೆ, ‘ನಿನ್ನ ಕೆಲಸ ನೀನು ನೋಡು’ ಎಂಬ ಉತ್ತರ ಬಂದಲ್ಲಿ ಆಕೆ ಇನ್ನೊಮ್ಮೆ ಹೇಳುವುದಿಲ್ಲ. ‘ಒಳ್ಳೇದಾಯ್ತು ಹೇಳಿದ್ದು, ಬೇರೆ ತೆಗೆದಿಡೆ, ಆ ಹೊತ್ತಿನ ಕೂಲೀನೂ ಸೇರಿಸ್ತೆ’ ಎಂದರೆ ಒಂದು ಹಂಡೆ ಅಡಿಕೆಯ ಗುಣ ಉಳಿಯುತ್ತದೆ.

6. ಸಲಕರಣೆ ಸರಿಯಿರಬೇಕು. ಮೊಂಡು ಕತ್ತಿ, ಮಂಕು ದೀಪ, ಬೆನ್ನು ನೋಯಿಸುವ ಕೂರುಮಣೆ ಇವೂ ನಷ್ಟದ ಮೂಲಗಳು. ನಡುರಾತ್ರಿ ಕಳೆದ ಮೇಲೆ ನಿದ್ದೆಗಣ್ಣಿನಲ್ಲಿ ಸುಲಿದರೆ ಅಡಿಕೆಯೂ ತುಂಡಾದೀತು, ಬೆರಳೂ ಕೊಯ್ದೀತು. ಸುಲಿಯುವ ಯಂತ್ರವಿದ್ದವರು ಕಾಯಿಯನ್ನು ಗಾತ್ರಕ್ಕನುಸಾರ ವಿಂಗಡಿಸಿ, ಅದಕ್ಕೆ ತಕ್ಕಂತೆ ಯಂತ್ರವನ್ನು ಹೊಂದಿಸಬೇಕು.

ಕೊನೆಗಾರನ ವಿಚಾರ

ಕೊನೆಗಾರನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ಇಬ್ಬನಿ ಆರುವ ಮೊದಲೇ ಮರ ಹತ್ತಿಸುವ ಆತುರದಿಂದ ಉದುರುವುದು ಅಡಿಕೆ ಮಾತ್ರವಲ್ಲ. ಮರದಿಂದ ಬಿದ್ದು ಪ್ರಾಣ ಕಳೆದುಕೊಂಡವರು, ನಡು ಮುರಿದು ಮಲಗಿದವರು ಮಲೆನಾಡಿನ ಊರೂರಲ್ಲಿದ್ದಾರೆ. ಕೇವಲ ಕೊನೆಯ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಜಾರುವ ಮರವನ್ನೂ ಬಿಡದೆ ಹತ್ತುವಂತಾಗುತ್ತದೆ. ದಿನಗೂಲಿಯನ್ನು ಖಚಿತಪಡಿಸಿ, ಹಗ್ಗದ ಮೇಲೆ ಕೊನೆ ಇಳಿಸಿದ್ದಕ್ಕೆ, ಉದುರು ಕಡಿಮೆ ಮಾಡಿದ್ದಕ್ಕೆ ಮೇಲಷ್ಟು ಕೊಡುವುದು ಹಿತಕರ. ‘ಈ ಮರ ಇವತ್ತು ಬೇಡ’ ಎಂದು ಹೇಳುವ ಅಧಿಕಾರ ಅವನದೇ ಆಗಿರಬೇಕು. ಅವನಿಗೆ ವಿಮೆ ಮಾಡಿಸುವುದು ಯಜಮಾನನ ಕರ್ತವ್ಯವೆಂದು ತಿಳಿಯಬೇಕು. ದೋಟಿಯಿಂದ ಕೊಯ್ಯುವ ಕಡೆ ಕೆಳಗೆ ಬಲೆಯನ್ನೋ ಟಾರ್ಪಾಲನ್ನೋ ಹಿಡಿದರೆ ಉದುರು ಚೆದುರುವುದಿಲ್ಲ.

ಕಸವೂ ಸರಕು

ಕಾಯಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಪ್ಪೆಯೇ. ಅದನ್ನು ರಸ್ತೆಯ ಬದಿಗೆ ಸುರಿದು ಬೆಂಕಿ ಕೊಡುವುದು ಸರಿಯಲ್ಲ. ಸಗಣಿ, ಹಸಿರುಸೊಪ್ಪಿನೊಡನೆ ಪದರಪದರವಾಗಿ ಹಾಕಿ ತೇವ ಆರದಂತೆ ನೋಡಿಕೊಂಡರೆ ಅದು ಗೊಬ್ಬರವಾಗಿ ತೋಟಕ್ಕೆ ಮರಳುತ್ತದೆ. ಹಾಳೆ ಊಟದ ತಟ್ಟೆಯಾಗಿ ಮಾರಾಟವಾಗುತ್ತದೆ. ಬೇಯಿಸಿ ಉಳಿದ ಚೊಗರು ಬಣ್ಣಕ್ಕೆ ಬರುತ್ತದೆಂಬುದನ್ನು ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ 1990ರ ದಶಕದಲ್ಲಿ ಆರಂಭವಾದ ‘ಚರಕ’ ಮಹಿಳಾ ಸಹಕಾರಿ ಸಂಘವು ಕೈಮಗ್ಗದ ಬಟ್ಟೆಗೆ ಹಾಕಿ ತೋರಿಸಿಕೊಟ್ಟಿದೆ. ಹಾಳೆ ಹೆಕ್ಕಿದವರಿಗೆ, ಚೊಗರು ಕಾಯ್ದಿಟ್ಟವರಿಗೆ ಅದರ ಮಾರಾಟದ ಹಣದಲ್ಲಿ ಒಂದಂಶ ಸಿಕ್ಕರೆ ಯಾರೂ ಹೇಳದೆಯೇ ಅವು ಒಟ್ಟಾಗುತ್ತವೆ.

ಈ ಎಲ್ಲವನ್ನೂ ಒಂದೇ ಸುಗ್ಗಿಯಲ್ಲಿ ಮಾಡಬೇಕೆಂದೇನೂ ಇಲ್ಲ. ಈ ವರ್ಷ ಎದುರಿಗಿಟ್ಟ ತಕ್ಕಡಿ, ದಿನಕ್ಕೊಂದು ಬುಟ್ಟಿ ಸಿಪ್ಪೆಯ ಲೆಕ್ಕ, ಕೊನೆಯ ದಿನದ ಪಾಲು, ಈ ಮೂರನ್ನು ಮಾಡಿ ನೋಡಿದರೆ ಸಾಕು. ವಿಸ್ತರಣಾ ಕಾರ್ಯಕರ್ತರು ತಮ್ಮ ವಲಯದಲ್ಲಿ ಎರಡು ಮೂರು ಅಂಗಳಗಳನ್ನಾದರೂ ಆರಿಸಿ ಈ ಲೆಕ್ಕವನ್ನು ಇಡಿಸಬೇಕು. ಕೆಲಸಕ್ಕೆ ಜನ ಸಿಗುವುದೇ ಕಷ್ಟವಾದ ಈ ದಿನಗಳಲ್ಲಿ ನೇರ ಅಳತೆಯ ಮನೆಗೆ ಜನ ತಾವಾಗಿ ಬರುತ್ತಾರೆ, ಬಂದವರು ಅಡಿಕೆಯನ್ನು ತಮ್ಮದೆಂಬಂತೆ ಹೆಕ್ಕುತ್ತಾರೆ.