‘ಬಿಟ್ಟುಕೊಡು’ ಎಂಬ ಮಾತಿನ ಅರ್ಥವಿಚಾರ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



 ಇಂಥ ಸಭೆಗಳಲ್ಲಿ ನಾಡಿನ ವೈಭವವನ್ನು ಕುರಿತೋ ಗಡಿಯ ಪ್ರಶ್ನೆಯನ್ನು ಕುರಿತೋ ಮಾತನಾಡುವುದು ರೂಢಿ. ಅವುಗಳನ್ನು ನನಗಿಂತ ಸಮರ್ಥರಾದವರು ಹೇಳುವರು. ವ್ಯಾಕರಣ ಹೇಳಿಕೊಡುವುದು ನನ್ನ ವೃತ್ತಿ. ಆದುದರಿಂದ ಒಂದು ಸಣ್ಣ ಕ್ರಿಯಾಪದವನ್ನು ತಮ್ಮ ಮುಂದಿಟ್ಟು ವಿಚಾರ ಮಾಡಬೇಕೆಂದಿದ್ದೇನೆ. ಅದು ‘ಬಿಟ್ಟುಕೊಡು’ ಎಂಬುದು. ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡ ಮನೆಗಳಲ್ಲಿ ಈ ಮಾತಿಗೆ ಇಂದು ವಿಶೇಷವಾದ ಅರ್ಥವಿದೆ.

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದಿಸುವಾಗ ನಮ್ಮ ವಿದ್ಯಾರ್ಥಿಗಳನ್ನು ಬಹಳ ತೊಡಕಿಗೆ ಸಿಕ್ಕಿಸುವ ಪದಗಳಲ್ಲಿ ‘ಗಿವ್ ಅಪ್’ ಎಂಬುದೊಂದು. ‘ಗಿವ್’ ಎಂದರೆ ಕೊಡು, ‘ಅಪ್’ ಎಂದರೆ ಮೇಲೆ. ಎರಡನ್ನೂ ಕೂಡಿಸಿದರೆ ‘ಮೇಲಕ್ಕೆ ಕೊಡು’ ಎಂದಾಗಬೇಕು. ಆಗುವುದು ಹಾಗಲ್ಲ. ಕ್ರಿಯಾಪದದ ಹಿಂದೆ ಬರುವ ಇಂಥ ಕಿರುಪದಗಳು ಮೂಲದ ಅರ್ಥವನ್ನೇ ಮಾರ್ಪಡಿಸುವುವೆಂದೂ, ಪರಭಾಷಿಕರಿಗೆ ಇವು ಬಹು ಕಠಿನವೆಂದೂ ಡಾಕ್ಟರ್ ಜಾನ್ಸನ್ 1755ರಲ್ಲಿ ಪ್ರಕಟಿಸಿದ ತನ್ನ ನಿಘಂಟಿನ ಪೀಠಿಕೆಯಲ್ಲಿಯೇ ಸೂಚಿಸಿದ್ದಾನೆ. ‘ಫ್ರೇಸಲ್ ವರ್ಬ್’ ಎಂಬ ಹೆಸರು ಪ್ರಚಾರಕ್ಕೆ ಬಂದುದು 1925ರಲ್ಲಿ, ಲೋಗನ್ ಪಿಯರ್ಸಲ್ ಸ್ಮಿತ್ ಎಂಬುವರ ಗ್ರಂಥದಿಂದ. ಈ ‘ಅಪ್’ ಎಂಬುದು ದಿಕ್ಕನ್ನಲ್ಲ, ಪೂರ್ಣತೆಯನ್ನು ಹೇಳುತ್ತದೆ. ‘ಈಟ್ ಅಪ್’ ಎಂದರೆ ಏನೂ ಉಳಿಯದಂತೆ ತಿಂದುಬಿಡು ಎಂದರ್ಥ. ಅವರ ‘ಅಪ್’ ಮಾಡುವ ಕೆಲಸವನ್ನೇ ನಮ್ಮಲ್ಲಿ ‘ಬಿಡು’ ಎಂಬ ಸಹಾಯಕ ಕ್ರಿಯಾಪದ ಮಾಡುತ್ತದೆ: ಹೋಗಿಬಿಟ್ಟ, ಮಾಡಿಬಿಟ್ಟ, ಮುಗಿಸಿಬಿಟ್ಟ.

‘ಗಿವ್ ಅಪ್’ ಎಂಬುದರ ಹಳೆಯ ಅರ್ಥ ಒಪ್ಪಿಸುವುದು, ಇನ್ನೊಬ್ಬರ ವಶಕ್ಕೆ ಕೊಡುವುದು. ಕೋಟೆಯನ್ನು ಗೆದ್ದವನಿಗೆ ಒಪ್ಪಿಸುವುದು, ಅಧಿಕಾರವನ್ನು ಅರಸನಿಗೆ ಮರಳಿಸುವುದು, ಇವೆಲ್ಲ ಅದರಲ್ಲಿ ಅಡಕವಾಗಿದ್ದವು. 1611ರಲ್ಲಿ ಹೊರಬಂದ ಇಂಗ್ಲಿಷ್ ಬೈಬಲಿನಲ್ಲಿ ಏಸುವಿನ ಪ್ರಾಣತ್ಯಾಗವನ್ನು ಹೇಳುವಲ್ಲಿಯೂ ಈ ಪ್ರಯೋಗವೇ ಇದೆ. ಅಲ್ಲಿ ಆತನು ತನ್ನ ಆತ್ಮವನ್ನು ತಂದೆಯ ಕೈಗೆ ಒಪ್ಪಿಸುತ್ತಾನೆ. ಅನಂತರ ಅದಕ್ಕೆ ತ್ಯಜಿಸುವುದು ಎಂಬ ಅರ್ಥವೂ ಬಲಿಯಿತು. ಚಟವನ್ನು ಬಿಡುವುದು, ಉದ್ಯೋಗವನ್ನು ಬಿಡುವುದು. ಇಂದಿನ ಬಳಕೆಯಲ್ಲಿ ಕರ್ಮಪದವೂ ಬೇಕಿಲ್ಲ. ‘ಗಿವ್ ಅಪ್’ ಎಂದಷ್ಟೆ ಅಂದರೆ ಆಸೆ ಬಿಟ್ಟು, ಕೈಚೆಲ್ಲಿ ಕುಳಿತ ಎಂದಾಗುತ್ತದೆ. ಈ ನಡೆಯನ್ನು ಗಮನಿಸಬೇಕು. ಹಳೆಯ ಅರ್ಥದಲ್ಲಿ ಕೊಡುವವನಿದ್ದ, ಕೊಡುವ ವಸ್ತುವಿತ್ತು, ಪಡೆಯುವವನೂ ಇದ್ದ. ನಡುವಿನ ಅರ್ಥದಲ್ಲಿ ಪಡೆಯುವವನು ಮರೆಯಾದ. ಕಡೆಯ ಅರ್ಥದಲ್ಲಿ ವಸ್ತುವೂ ಮರೆಯಾಗಿ, ಸೋತು ಕುಳಿತ ಮನುಷ್ಯನೊಬ್ಬನೇ ಉಳಿದ.

ಇನ್ನು ನಮ್ಮ ಮಾತಿಗೆ ಬರೋಣ. ‘ಬಿಡು’ ಎಂಬುದು ದ್ರಾವಿಡ ಭಾಷೆಗಳಿಗೆ ಸಮಾನವಾದ ಪ್ರಾಚೀನ ಧಾತು; ತಮಿಳಿನಲ್ಲಿ ಅದು ‘ವಿಡು’. ಕಿಟೆಲ್ ಮಹಾಶಯರ 1894ರ ಕೋಶದಲ್ಲಿ ಈ ಒಂದು ಧಾತುವಿಗೆ ಕೊಟ್ಟಿರುವ ಅರ್ಥಗಳನ್ನು ಓದಿದರೆ ಬೆರಗಾಗುತ್ತದೆ. ಬಿಡುವುದೆಂದರೆ ಕಳೆದುಕೊಳ್ಳುವುದೆಂದೇ ನಾವು ತಿಳಿದಿದ್ದೇವೆ. ಆದರೆ ಗಿಡ ಹೂ ಬಿಡುತ್ತದೆ, ಬಳ್ಳಿ ಕಾಯಿ ಬಿಡುತ್ತದೆ, ಸಸಿ ಬೇರು ಬಿಡುತ್ತದೆ. ಅಲ್ಲಿ ಬಿಡುವುದೆಂದರೆ ಒಳಗಿನದನ್ನು ಹೊರಕ್ಕೆ ನೀಡಿ ಬೆಳೆಯುವುದು. ದಂಡು ಇಳಿದು ನಿಂತ ಸ್ಥಳ ‘ಬೀಡು’. ಅರಸರ ಸ್ಥಿರವಾದ ನಿವಾಸ ‘ನೆಲೆವೀಡು’. ಇಳಿದುಕೊಳ್ಳುವ ಮನೆ ‘ಬಿಡಾರ’. ಈ ಬಿಡಾರವೇ ಮರಾಠಿಯಲ್ಲಿ ‘ಬಿರ್ಹಾಡ’ವಾಯಿತೆಂದು ವಿದ್ವಾಂಸರು ಹೇಳುತ್ತಾರೆ. ನೆರೆಮನೆಯ ಮರಾಠಿ ಕುಟುಂಬವು ತನ್ನ ಸಂಸಾರವನ್ನೇ ನಮ್ಮ ಪದದಿಂದ ಕರೆಯುತ್ತಿರುವುದು ಸಂತೋಷದ ಸಂಗತಿಯಲ್ಲವೆ?

ಶಾಸನಗಳ ಕನ್ನಡದಲ್ಲಿ ಈ ಧಾತುವಿಗೆ ಇನ್ನೂ ಗಂಭೀರವಾದ ಅರ್ಥವಿದೆ. ಕಲ್ಯಾಣದ ಚಾಲುಕ್ಯರ ಕಾಲದ ಅನೇಕ ಕನ್ನಡ ಶಾಸನಗಳು ಈ ಜಿಲ್ಲೆಯಲ್ಲಿ ದೊರೆತಿವೆ. ಡಾ. ಶ್ರೀನಿವಾಸ ರಿತ್ತಿಯವರೂ ನಮ್ಮ ಸೊಲ್ಲಾಪುರದ ಸಂಶೋಧಕ ಆನಂದ ಕುಂಭಾರರೂ ಕೂಡಿ 1988ರಲ್ಲಿ ಅವುಗಳ ಸಂಪುಟವನ್ನು ಪ್ರಕಟಿಸಿದರು. ಅಂಥ ದಾನಶಾಸನಗಳಲ್ಲಿ ದೇವಾಲಯಕ್ಕೋ ವಿದ್ಯಾರ್ಥಿಗಳ ಅನ್ನಕ್ಕೋ ಇಷ್ಟು ಮತ್ತರು ಭೂಮಿಯನ್ನು, ಒಂದು ಗಾಣವನ್ನು, ಒಂದು ಹೂದೋಟವನ್ನು ‘ಬಿಟ್ಟರು’ ಎಂದಿರುತ್ತದೆ. ಇದರ ಅರ್ಥ ತೊರೆದರು ಎಂದಲ್ಲ. ತೆರಿಗೆಯಿಲ್ಲದೆ, ಚಂದ್ರಸೂರ್ಯರಿರುವವರೆಗೆ ನಡೆಯಲೆಂದು ದತ್ತಿಯಾಗಿ ಕೊಟ್ಟರು ಎಂದು. ಅಲ್ಲಿ ಯಾರು ಬಿಟ್ಟರು, ಏನನ್ನು ಬಿಟ್ಟರು, ಯಾವುದಕ್ಕೆ ಬಿಟ್ಟರು, ಎಲ್ಲೆ ಎಲ್ಲಿಯವರೆಗೆ ಎಂಬುದೆಲ್ಲ ಸ್ಪಷ್ಟ. ನಮ್ಮ ಹಿರಿಯರು ಲೆಕ್ಕವಿಲ್ಲದೆ ಏನನ್ನೂ ಬಿಟ್ಟವರಲ್ಲ.

ಈ ‘ಬಿಡು’ ಧಾತುವಿನ ಕೃದಂತಾವ್ಯಯಕ್ಕೆ ‘ಕೊಡು’ ಸೇರಿದಾಗ ‘ಬಿಟ್ಟುಕೊಡು’ ಆಗುತ್ತದೆ. ‘ಕೊಡು’ ಸಹಾಯಕವಾಗಿ ಬಂದಾಗ ಕ್ರಿಯೆಯ ಫಲ ಇನ್ನೊಬ್ಬರಿಗೆ ಸಲ್ಲುತ್ತದೆ. ‘ಕೊಳ್ಳು’ ಬಂದಾಗ ಮಾಡುವವನಿಗೇ ಸಲ್ಲುತ್ತದೆ. ಬರೆದುಕೊಡು, ಬರೆದುಕೊಳ್ಳು ಎಂಬೆರಡನ್ನು ಹೋಲಿಸಿ ನೋಡಿರಿ. ಆದುದರಿಂದ ‘ಬಿಟ್ಟುಕೊಟ್ಟೆ’ ಎಂದೊಡನೆ ಕನ್ನಡದ ಕಿವಿ ‘ಯಾರಿಗೆ?’ ಎಂದು ಕೇಳುತ್ತದೆ. ಚತುರ್ಥೀ ವಿಭಕ್ತಿಯ ‘ಗೆ’, ‘ಕ್ಕೆ’ ಪ್ರತ್ಯಯಗಳು ಪ್ರಕಟವಾಗಿಯೋ ಗೂಢವಾಗಿಯೋ ಅಲ್ಲಿ ಇರಲೇಬೇಕು.

ನಮ್ಮ ಊರಿನ ಇತಿಹಾಸವೇ ಇದಕ್ಕೆ ಉದಾಹರಣೆ. 1524ರಲ್ಲಿ ಬಿಜಾಪುರದ ಇಸ್ಮಾಯಿಲ್ ಆದಿಲಶಾಹನ ತಂಗಿಯನ್ನು ಅಹಮದನಗರದ ಬುರ್ಹಾನ ನಿಜಾಮಶಾಹನಿಗೆ ವಿವಾಹ ಮಾಡಿಕೊಟ್ಟಾಗ ಸೊಲ್ಲಾಪುರವನ್ನು ವರದಕ್ಷಿಣೆಯಾಗಿ ಕೊಡುವ ಮಾತಾಗಿತ್ತು. ಆದರೆ ಬಿಜಾಪುರದವರು ಅದನ್ನು ಬಿಟ್ಟುಕೊಡಲಿಲ್ಲ. ಅದಕ್ಕಾಗಿ ಎರಡು ಮನೆತನಗಳ ನಡುವೆ ಹಲವು ವರ್ಷ ಯುದ್ಧಗಳು ನಡೆದವು. ಮುಂದೆ 1565ರ ತಾಳಿಕೋಟೆಯ ಯುದ್ಧಕ್ಕೆ ಕೊಂಚ ಮೊದಲು ಚಾಂದಬೀಬಿಯ ವಿವಾಹ ಅಲಿ ಆದಿಲಶಾಹನೊಡನೆ ಆದಾಗ ಅದೇ ಸೊಲ್ಲಾಪುರವನ್ನು ಅಹಮದನಗರದವರು ಬಿಜಾಪುರಕ್ಕೆ ಬಿಟ್ಟುಕೊಟ್ಟರು. 1818ರ ಮೇ ತಿಂಗಳಲ್ಲಿ ಪೇಶವೆಯ ಕಡೆಯವರು ಕೋಟೆಯನ್ನು ಜನರಲ್ ಮನ್ರೋವಿನ ಸೇನೆಗೆ ಬಿಟ್ಟುಕೊಟ್ಟರು. 1948ರಲ್ಲಿ ಅಕ್ಕಲಕೋಟೆಯ ಭೋಸಲೆ ಅರಸು ಮನೆತನ ತನ್ನ ಸಂಸ್ಥಾನವನ್ನು ಸ್ವತಂತ್ರ ಭಾರತಕ್ಕೆ ಬಿಟ್ಟುಕೊಟ್ಟಿತು. ಪ್ರತಿಯೊಂದರಲ್ಲಿಯೂ ಪಡೆದವರು ಯಾರೆಂಬುದು ನಿಶ್ಚಿತ.

ಮನೆಯ ಮಾತಿನಲ್ಲಿಯೂ ಇದೇ ನಿಯಮ. ರೈಲಿನಲ್ಲಿ ವೃದ್ಧರಿಗೆ ಜಾಗ ಬಿಟ್ಟುಕೊಡುತ್ತೇವೆ. ಅಣ್ಣ ತಮ್ಮನಿಗೆ ನೀರಾವರಿಯ ಹೊಲ ಬಿಟ್ಟುಕೊಡುತ್ತಾನೆ. ಅದು ಔದಾರ್ಯ. ನಿಷೇಧ ರೂಪದಲ್ಲಿ ಹೇಳಿದರೆ ಅಭಿಮಾನ: ‘ಎಷ್ಟೇ ಬಡತನ ಬಂದರೂ ಮನೆಯ ಮಾನ ಬಿಟ್ಟುಕೊಡಲಿಲ್ಲ’, ‘ಎಷ್ಟು ಕೇಳಿದರೂ ಗುಟ್ಟು ಬಿಟ್ಟುಕೊಡಲಿಲ್ಲ.’ ಬಿಟ್ಟುಕೊಡಬೇಕಾದುದನ್ನೂ ಬಿಟ್ಟುಕೊಡಬಾರದುದನ್ನೂ ಬಲ್ಲವನೇ ಗೃಹಸ್ಥ.

ಇಲ್ಲಿ ಗಡಿನಾಡಿನವರಾದ ನಾವು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಮರಾಠಿಯಲ್ಲಿ ‘ಸೋಡೂನ್ ದೇಣೇ’ ಎಂಬ ಪ್ರಯೋಗವುಂಟು. ‘ಸೋಡೂನ್’ ಎಂದರೆ ಬಿಟ್ಟು, ‘ದೇಣೇ’ ಎಂದರೆ ಕೊಡುವುದು; ರಚನೆ ಅಕ್ಷರಶಃ ನಮ್ಮ ‘ಬಿಟ್ಟುಕೊಡು’ವಿನಂತೆಯೇ ಇದೆ. ಅರ್ಥ ಮಾತ್ರ ಬೇರೆ. ‘ಶಾಳಾ ಸೋಡೂನ್ ದಿಲೀ’ ಎಂದರೆ ಶಾಲೆಯನ್ನು ಬಿಟ್ಟುಬಿಟ್ಟ ಎಂದಾಗುತ್ತದೆಯೇ ಹೊರತು ಇನ್ನೊಬ್ಬರಿಗೆ ಕೊಟ್ಟ ಎಂದಲ್ಲ. ಅಲ್ಲಿ ‘ಯಾರಿಗೆ’ ಎಂಬ ಪ್ರಶ್ನೆಯೇ ಏಳುವುದಿಲ್ಲ. ಇದು ಮರಾಠಿಯ ದೋಷವಲ್ಲ, ಅದರ ಜಾಯಮಾನ; ಹಿಂದಿಯ ‘ಛೋಡ್ ದೇನಾ’ ಕೂಡ ಹಾಗೆಯೇ. ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಈ ಭೇದವನ್ನು ತಿಳಿಸಿ ಹೇಳಬೇಕು. ರೂಪ ಒಂದೇ ಇದ್ದಲ್ಲಿ ಅರ್ಥವೂ ಒಂದೇ ಎಂದು ಭ್ರಮಿಸುವುದು ಸುಲಭ.

ಬಂಧುಗಳೆ, ಇಷ್ಟು ವ್ಯಾಕರಣವನ್ನು ಹೇಳಿದುದಕ್ಕೆ ಕಾರಣವಿದೆ. ‘ಮಕ್ಕಳ ಭವಿಷ್ಯಕ್ಕಾಗಿ ನಾವು ಕನ್ನಡವನ್ನು ಬಿಟ್ಟುಕೊಟ್ಟೆವು’ ಎನ್ನುವ ತಂದೆತಾಯಿಗಳು ನಮ್ಮಲ್ಲಿ ಇದ್ದಾರೆ. ಅವರನ್ನು ನಾನು ನಿಂದಿಸಲಾರೆ. ಕಚೇರಿ, ಕೋರ್ಟು, ಪೇಟೆಗಳ ವ್ಯವಹಾರ ಮರಾಠಿಯಲ್ಲಿದೆ. 2020ರ ಕಾಯಿದೆಯಂತೆ ಈ ರಾಜ್ಯದ ಎಲ್ಲ ಶಾಲೆಗಳಲ್ಲಿಯೂ ಮರಾಠಿ ಕಡ್ಡಾಯ ವಿಷಯ. ಮೇಲಿನ ಶಿಕ್ಷಣಕ್ಕೆ ಇಂಗ್ಲಿಷ್ ಬೇಕು. ಹೊಟ್ಟೆಯ ಚಿಂತೆ ಇರುವವರಿಗೆ ಬರಿಯ ಭಾಷಾಭಿಮಾನದ ಉಪದೇಶ ಮಾಡುವುದು ನ್ಯಾಯವಲ್ಲ.

ಆದರೆ ಅವರು ಬಳಸಿದ ಕ್ರಿಯಾಪದವನ್ನು ಮಾತ್ರ ನಾನು ಒಪ್ಪಲಾರೆ. ಕನ್ನಡವನ್ನು ಬಿಟ್ಟುಕೊಟ್ಟೆವೆಂದರೆ ಯಾರಿಗೆ ಬಿಟ್ಟುಕೊಟ್ಟಂತಾಯಿತು? ಮರಾಠಿಗರಿಗೆ ಅದು ಸೇರಲಿಲ್ಲ. ಅವರು ಅದನ್ನು ಕೇಳಿಯೂ ಇರಲಿಲ್ಲ. ನಮ್ಮ ಮನೆಯ ಅಜ್ಜಿಯ ಗಾದೆಗಳು, ಬೀಸುವ ಕಲ್ಲಿನ ಹಾಡುಗಳು, ಸಿದ್ಧರಾಮನ ವಚನಗಳನ್ನು ಮೂಲದಲ್ಲಿ ಓದುವ ಶಕ್ತಿ, ಇವುಗಳನ್ನು ನಾವು ಬಿಟ್ಟರೆ ಕೈಚಾಚಿ ಪಡೆದುಕೊಳ್ಳುವವರು ಯಾರೂ ಇಲ್ಲ. ಕೋಟೆಯನ್ನು ಬಿಟ್ಟುಕೊಟ್ಟರೆ ಗೆದ್ದವನಿಗಾದರೂ ಸೇರುತ್ತದೆ, ಹೊಲವನ್ನು ಬಿಟ್ಟುಕೊಟ್ಟರೆ ತಮ್ಮನಾದರೂ ಉಳುತ್ತಾನೆ. ಮನೆಯ ಮಾತನ್ನು ಬಿಟ್ಟರೆ ಅದು ಯಾರ ಪಾಲಿಗೂ ಬಾರದು. ಪಡೆಯುವವನಿಲ್ಲದ ಕಡೆ ‘ಬಿಟ್ಟುಕೊಡು’ ಎಂಬ ಪ್ರಯೋಗ ಸಲ್ಲದು. ಅಲ್ಲಿ ಸಲ್ಲುವುದು ‘ಕೈಬಿಡು’ ಎಂಬುದು.

ಒಂದು ವಿಭಕ್ತಿಯ ವ್ಯತ್ಯಾಸವನ್ನೂ ಹೇಳುತ್ತೇನೆ. ‘ಮಕ್ಕಳಿಗೆ ಬಿಟ್ಟುಹೋದ’ ಎಂದರೆ ಆಸ್ತಿಯಾಗಿ ಉಳಿಸಿಹೋದ ಎಂದರ್ಥ. ‘ಮಕ್ಕಳಿಂದ ಬಿಟ್ಟುಹೋಯಿತು’ ಎಂದರೆ ಅವರಿಂದ ಕಳಚಿಹೋಯಿತು ಎಂದರ್ಥ. ಕ್ರಿಯಾಪದ ಅದೇ, ‘ಗೆ’ ಇದ್ದಲ್ಲಿ ‘ಇಂದ’ ಬಂದರೆ ದತ್ತಿಯು ನಷ್ಟವಾಗುತ್ತದೆ. ಕನ್ನಡವು ನಮ್ಮ ಮಕ್ಕಳಿಗೆ ಬಿಟ್ಟುಹೋಗುವ ವಸ್ತುವಾಗಬೇಕೋ ಅವರಿಂದ ಬಿಟ್ಟುಹೋಗುವ ವಸ್ತುವಾಗಬೇಕೋ ಎಂಬುದನ್ನು ನಿರ್ಧರಿಸುವುದು ಸರಕಾರವಲ್ಲ, ಆಯೋಗವಲ್ಲ. ಬಹುಮಟ್ಟಿಗೆ ನಮ್ಮ ಅಡುಗೆಮನೆ, ಪಡಸಾಲೆಗಳೇ ಸರಿ.

ಮರಾಠಿಯನ್ನು ಕಲಿಯಬೇಕಾದರೆ ಕನ್ನಡವನ್ನು ಬಿಡಲೇಬೇಕೆಂಬುದು ಸುಳ್ಳು. ಇದಕ್ಕೆ ಡಾ. ಜಯದೇವಿತಾಯಿ ಲಿಗಾಡೆಯವರೇ ಸಾಕ್ಷಿ. 1912ರಲ್ಲಿ ಇದೇ ಸೊಲ್ಲಾಪುರದಲ್ಲಿ ಜನಿಸಿದ ತಾಯಿಯವರು ಶಾಲೆಯಲ್ಲಿ ಓದಿದುದು ಮರಾಠಿಯನ್ನು. ಕನ್ನಡವನ್ನು ಸಾಹಿತ್ಯರಚನೆಗೆ ಬೇಕಾಗುವಷ್ಟು ಸ್ವಂತ ಪರಿಶ್ರಮದಿಂದ ಸಂಪಾದಿಸಿಕೊಂಡರು. ಕನ್ನಡದಲ್ಲಿ ಸಿದ್ಧರಾಮೇಶ್ವರ ಪುರಾಣವನ್ನು ರಚಿಸಿದರು. ಶರಣರ ವಚನಗಳನ್ನು ಮರಾಠಿಗೆ ತಂದರು. 1974ರಲ್ಲಿ ಮಂಡ್ಯದಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠವನ್ನು ಅಲಂಕರಿಸಿದ ಮೊದಲ ಮಹಿಳೆ ಅವರೇ. ಅವರು ಮರಾಠಿಗೆ ಕೊಟ್ಟರು, ಕನ್ನಡವನ್ನು ಬಿಟ್ಟುಕೊಡಲಿಲ್ಲ.

ಸಂವಿಧಾನದ 350ಎ ವಿಧಿಯು ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಅನುಕೂಲವನ್ನು ಒದಗಿಸಬೇಕೆಂದು ಹೇಳುತ್ತದೆ. ಇದು 1956ರಲ್ಲಿ ಸೇರಿದ ವಿಧಿ. ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಮುದ್ರಿಸುತ್ತದೆ. ಹಕ್ಕಿದೆ, ಪುಸ್ತಕವಿದೆ, ಶಾಲೆಗಳಿವೆ. ಆದರೆ ಶಾಲೆಯ ಬಾಗಿಲು ತೆರೆದಿರುವುದು ಮಕ್ಕಳ ಸಂಖ್ಯೆಯ ಮೇಲೆ. ಮಕ್ಕಳನ್ನು ಬೇರೆ ಮಾಧ್ಯಮಕ್ಕೆ ಕಳುಹಿಸಲೇಬೇಕಾದ ಮನೆಗಳಿಗೂ ನನ್ನದೊಂದು ಬಿನ್ನಹವಿದೆ. ದಿನಕ್ಕೆ ಅರ್ಧ ತಾಸು ಮಗುವನ್ನು ಹತ್ತಿರ ಕೂಡಿಸಿಕೊಂಡು ಕನ್ನಡದ ಅಕ್ಷರ ತಿದ್ದಿಸಿರಿ, ಒಂದು ಪುಟ ಗಟ್ಟಿಯಾಗಿ ಓದಿಸಿರಿ. ಊರಲ್ಲಿರುವ ಸೋದರಮಾವನಿಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯಿಸಿರಿ. ಮಾತು ಉಳಿದು ಅಕ್ಷರ ಹೋದರೆ ಮುಂದಿನ ತಲೆಮಾರಿಗೆ ಮಾತೂ ಹೋಗುತ್ತದೆ.

‘ಕೊಡು’ ಎಂಬ ಸಹಾಯಕ ಕ್ರಿಯಾಪದ ‘ಬಿಟ್ಟು’ ಎಂಬುದಕ್ಕೆ ಮಾತ್ರ ಸೇರತಕ್ಕದ್ದಲ್ಲ. ಓದಿಕೊಡು, ಬರೆದುಕೊಡು, ತಿದ್ದಿಕೊಡು ಎಂದೂ ಆಗುತ್ತದೆ. ‘ಹೇಳು’ ಧಾತುವಿಗೆ ಅದು ಸೇರಿದಾಗ ‘ಹೇಳಿಕೊಡು’ ಎಂದಾಗುತ್ತದೆ. ಕಲಿಸುವುದಕ್ಕೆ ಕನ್ನಡಿಗರು ಇಟ್ಟ ಹೆಸರು ಅದು. ಅಲ್ಲಿ ‘ಯಾರಿಗೆ?’ ಎಂದು ಕೇಳಿದರೆ ಉತ್ತರ ನಮ್ಮ ಮಗ್ಗುಲಲ್ಲಿಯೇ ಕುಳಿತಿರುತ್ತದೆ.